ಷರೀಫ ಆರೆಗಾನ್‌ಗೆ ಹೋದ

ಆಗಸ್ಟ್ 7, 1961, ಸೋಮವಾರ

ಲಾಯ್ಡ್ ಬಿಟ್ಟು ಹೋಗುತ್ತಾನಂತೆ. ‘ಅಂತೆ’ ಏನು ಬಂತು, ಹೋಗಿಯೇ ಬಿಟ್ಟ ಅನ್ನಬೇಕು. ಬೆಳಿಗ್ಗೆ ನಿರ್ಮಾಪಕ ಮಿಂಟ್ಸ್ ನಮ್ಮನ್ನೆಲ್ಲ ಹೆಂಡದಂಗಡಿಯ ಸೆಟ್ಟಿನಲ್ಲಿ ಕೂರಿಸಿ, ಕೈಗೊಂದೊಂದು ಡೋನಟ್ ಕೊಟ್ಟು ಸುದ್ದಿ ಹೇಳಿದ. ಡೋನಟ್ ಕೊಟ್ಟಾಗಲೇ ನನಗೆ ಅನುಮಾನ ಬಂದಿತ್ತು. ಆ ಮನುಷ್ಯ ಸುಮ್ಮಸುಮ್ಮನೆ ಏನನ್ನೂ ಕೊಡುವವನಲ್ಲ. ಲಾಯ್ಡ್ ಕ್ರೇವೆನ್‌ಗೆ ದೊಡ್ಡ ಪರದೆಯ ಸಿನಿಮಾ ಸಿಕ್ಕಿದೆ, ಇಲ್ಲಿಯ ಕರಾರು ಮುಗಿದಿದೆ, ಇನ್ನು ನಮ್ಮ ಟಿವಿ ಧಾರಾವಾಹಿಯ ಡ್ರೈ ಫೋರ್ಕ್ ಊರಿನ ಪೊಲೀಸ್ ಅಧಿಕಾರಿಯಾಗಿ ಬೇರೆ ಷರೀಫ ಬರುತ್ತಾನೆ.

ಆರು ವರ್ಷ ಅವನು ಷರೀಫ ನೋಲನ್, ನಾನು ಅವನ ಸೆರೆಮನೆ ಕಾಯುವ, ಬೀನ್ಸ್ ಬೇಯಿಸುವ, ಬೈಸಿಕೊಳ್ಳುವ ಟಕರ್ ತಾತ. ಬೀದಿಯಲ್ಲಿ ನನ್ನನ್ನು ಆರ್ವಿಲ್ ಟೀಗ್ ಅಂತ ಯಾರು ಕರೆಯುತ್ತಾರೆ? ತರಕಾರಿ ಅಂಗಡಿಯವನು ಕೂಡ ‘ಏನ್ ತಾತ, ಷರೀಫ ಎಲ್ಲಿ’ ಅನ್ನುತ್ತಾನೆ. ಇನ್ನು ಅವನಿಗೆ ಏನು ಉತ್ತರ ಕೊಡಲಿ?

ಸಂಜೆ ಲಾಯ್ಡ್ ಬೆನ್ನು ತಟ್ಟಿ, ‘ಹೆದರ್ಬೇಡ ಮುದುಕ, ನಿನ್ನ ಬೀನ್ಸ್ ತಿನ್ನೋಕೆ ಇನ್ನೊಬ್ಬ ಬಡಪಾಯಿ ಬರ್ತಾನೆ’ ಅಂದ. ನಕ್ಕೆ. ಮನೆಗೆ ಬಂದು ಫರ್ನ್‌ಗೆ ಹೇಳಿದರೆ ಅವಳು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಲೇ ‘ಹೋಗ್ಲಿ ಬಿಡು’ ಅಂದಳು. ಕಟ್ಟಿಕೊಂಡ ಹೆಂಡತಿ ಆಡುವ ಮಾತೇ ಇದು?

ಆಗಸ್ಟ್ 10, ಗುರುವಾರ

ಇವತ್ತು ಬೀಳ್ಕೊಡುಗೆಯ ದೃಶ್ಯ. ಷರೀಫ ನೋಲನ್ ಆರೆಗಾನ್‌ನಲ್ಲಿ ಜಮೀನು ಮಾಡಲು ಹೋಗುತ್ತಾನೆ, ಅವನ ಜಾಗಕ್ಕೆ ಅವನ ತಮ್ಮ ಬರುತ್ತಾನೆ. ಕಥೆ ಬರೆಯುವವರಿಗೆ ಇದಕ್ಕಿಂತ ಬೇರೆ ಏನೂ ಹೊಳೆಯಲಿಲ್ಲ.

ಇಬ್ಬರೂ ಕಾಣುವಂತೆ ಮೊದಲು ತೆಗೆದರು, ಆಮೇಲೆ ಲಾಯ್ಡ್‌ನ ಮುಖ ಹತ್ತಿರದಿಂದ. ಅದು ಮುಗಿದ ಮೇಲೆ ಅವನು ಎಂದಿನಂತೆ ಹೊರಟ. ಹೊಸ ಸಿನಿಮಾದ ಬಟ್ಟೆಯ ಅಳತೆ ಕೊಡಬೇಕಿತ್ತಂತೆ. ನನ್ನ ಮುಖ ತೆಗೆಯುವಾಗ ಎಂದಿನಂತೆ ಪೊರಕೆ ಬಂತು. ಲಾಯ್ಡ್ ಆರಡಿ ಮೂರಂಗುಲ, ಅವನ ಮಾತು ಓದಿಕೊಡುವ ಬರ್ನೀಸ್ ನನ್ನ ಭುಜಕ್ಕೂ ಬರುವುದಿಲ್ಲ. ಅವಳನ್ನು ನೋಡಿದರೆ ನನ್ನ ಕಣ್ಣು ನೆಲಕ್ಕೆ ಹೋಗುತ್ತದೆ. ಅದಕ್ಕೇ ಉದ್ದನೆಯ ಪೊರಕೆಯೊಂದಕ್ಕೆ ಹ್ಯಾಟು ಹಾಕಿ, ಕ್ಯಾಮೆರಾದ ಪಕ್ಕ ನಿಲ್ಲಿಸುತ್ತಾರೆ. ಬರ್ನೀಸ್ ದಿನಸಿ ಪಟ್ಟಿ ಓದಿದ ಹಾಗೆ ಓದುತ್ತಾಳೆ, ನಾನು ಪೊರಕೆಯನ್ನು ನೋಡುತ್ತ ಮಾತಾಡುತ್ತೇನೆ. ಲಾಯ್ಡ್‌ನಂಥ ದೊಡ್ಡ ನಟರು ಬೇರೆಯವರ ಮುಖ ತೆಗೆಯುವಾಗ ಬಿಸಿಲಲ್ಲಿ ನಿಂತುಕೊಳ್ಳಲು ಆಗುತ್ತದೆಯೇ?

‘ಹೋಗಿ ಬಾ ಮಗನೇ’ ಅನ್ನುವಷ್ಟರಲ್ಲಿ ನಿಜವಾಗಿ ಅಳು ಬಂದುಬಿಟ್ಟಿತು. ನಿರ್ದೇಶಕ ಹಾರ್ಟಿಗನ್ ನಿಲ್ಲಿಸಿ, ‘ತಾತ, ಅವನು ಹೋಗ್ತಿರೋದು ಆರೆಗಾನ್‌ಗೆ, ಸ್ವರ್ಗಕ್ಕಲ್ಲ’ ಅಂದ. ಎಲ್ಲರೂ ನಕ್ಕರು. ನಗಲಿ. ಪೊರಕೆ ನೋಡಿ ಕಣ್ಣೀರು ಹಾಕಬಲ್ಲ ಇನ್ನೊಬ್ಬ ನಟನನ್ನು ಈ ಊರಲ್ಲಿ ತೋರಿಸಲಿ ನೋಡೋಣ.

ಆಗಸ್ಟ್ 21, ಸೋಮವಾರ

ಬಂದಿದ್ದಾನೆ ಮಹಾರಾಯ. ಹೆಸರು ಎಲ್ಡನ್ ಫ್ರೀಸ್. ನೆಬ್ರಾಸ್ಕಾದವನು, ಒಮಾಹಾದಲ್ಲಿ ನಾಟಕ ಆಡಿಕೊಂಡಿದ್ದನಂತೆ. ಲಾಯ್ಡ್‌ನ ಕೋಟು, ಲಾಯ್ಡ್‌ನ ಹ್ಯಾಟು ತೊಡಿಸಿ, ಲಾಯ್ಡ್‌ನ ಚುಕ್ಕೆ ಕುದುರೆಯನ್ನೇ ಕೊಟ್ಟಿದ್ದಾರೆ. ಲಾಯ್ಡ್ ಸವಾರಿ ಮಾಡಿದ ಹಳೆಯ ಫಿಲ್ಮಿನ ತುಣುಕುಗಳು ಡಬ್ಬಿಗಟ್ಟಲೆ ಇವೆಯಲ್ಲ, ದೂರದ ದೃಶ್ಯಕ್ಕೆ ಅವನ್ನೇ ಅಂಟಿಸುತ್ತಾರೆ. ಆ ಹೊಸಬನೇ ಹೇಳಿದ: ‘ದೂರದಿಂದ ನಾನು ಲಾಯ್ಡ್ ಕ್ರೇವೆನ್ ಸರ್, ಹತ್ತಿರ ಬಂದ್ರೆ ಯಾರೂ ಅಲ್ಲ.’ ತಮಾಷೆ ಮಾಡುತ್ತಾನೆ. ನಾನು ನಗಲಿಲ್ಲ.

ನಾಟಕದ ಕಂಠ, ಕೊನೆಯ ಸಾಲಿನ ಕಿವುಡನಿಗೂ ಕೇಳಬೇಕು ಅನ್ನುವ ಹಾಗೆ ಕೂಗುತ್ತಾನೆ. ಧ್ವನಿ ಹಿಡಿಯುವವನು ಕಿವಿಯ ಮೇಲಿನ ಹೆಡ್‌ಫೋನ್ ಕಿತ್ತು ಬಿಸಾಡಿದ. ಕುದುರೆ ಹತ್ತುವಾಗ ಕುದುರೆಗೇ ‘ಸಾರಿ’ ಅಂದ. ಇವನು ಷರೀಫ!

ಓಟ್ಸ್ ಕಂಪನಿಯವರು ನಮ್ಮ ಕಾರ್ಯಕ್ರಮದ ಖರ್ಚು ಹೊರುವವರು. ಅವರು ಇವನನ್ನು ಕ್ರಿಸ್‌ಮಸ್‌ವರೆಗೆ ನೋಡುತ್ತಾರಂತೆ. ಜನ ಒಪ್ಪಿದರೆ ಇರುತ್ತಾನೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುತ್ತಾನೆ. ನಾನೊಂದು ತೀರ್ಮಾನ ಮಾಡಿದ್ದೇನೆ. ಬರೆದುಕೊಟ್ಟ ಮಾತು ಆಡುತ್ತೇನೆ, ಅದರ ಮೇಲೆ ಒಂದಕ್ಷರ ಇಲ್ಲ. ಲಾಯ್ಡ್‌ಗೆ ಅಷ್ಟು ನಿಯತ್ತು ಇಟ್ಟುಕೊಳ್ಳದಿದ್ದರೆ ಹೇಗೆ? ಫರ್ನ್ ಆಸ್ಪತ್ರೆಯಲ್ಲಿದ್ದಾಗ ದಿನಾ ಕಾರು ಕಳಿಸಿದವನು ಅವನು.

ಸೆಪ್ಟೆಂಬರ್ 6, ಬುಧವಾರ

ಮಾನ ಹೋಯಿತು.

ಸೆರೆಮನೆಯ ಅಂಗಳದ ದೃಶ್ಯ. ಹೊಸ ಷರೀಫನಿಗೆ ನಾನು ಅವನ ಅಣ್ಣನ ಬಗ್ಗೆ ಹೇಳಬೇಕು. ಅವನ ಮುಖ ತೆಗೆದಾಯಿತು. ಇನ್ನು ನನ್ನದು. ಪೊರಕೆ ತಂದರು. ನೋಡಿದರೆ ಇವನು ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದಾನೆ, ಪೊರಕೆ ನಿಲ್ಲುವ ಜಾಗದಲ್ಲಿ.

‘ಹೋಗಪ್ಪ, ಕಾಫಿ ಕುಡಿ. ನಿನ್ನ ಕೆಲಸ ಆಯ್ತು’ ಅಂದೆ.

‘ನೀವು ನನ್ನ ಜೊತೆ ತಾನೇ ಸರ್ ಮಾತಾಡೋದು?’ ಅಂದ. ವಿನಯಕ್ಕೇನೂ ಕಡಿಮೆ ಇಲ್ಲ. ಬಿಸಿಲಿಗೆ ಕೋಟಿನೊಳಗೆ ಬೆವರು ಸುರಿಯುತ್ತಿದೆ, ಆದರೂ ನಿಂತ.

ಸರಿ, ಶುರು ಮಾಡಿದೆ. ಅವನು ಕೇಳಿದ, ನಾನು ಉತ್ತರ ಹೇಳಬೇಕು. ತಲೆ ಎತ್ತಿದೆ. ಅಲ್ಲಿ ಎರಡು ಕಣ್ಣು! ನನ್ನನ್ನೇ ನೋಡುತ್ತಿವೆ, ನಾನೇನು ಹೇಳುತ್ತೇನೋ ಅಂತ ಕಾಯುತ್ತಿವೆ. ಮಾತು ಮರೆತುಹೋಯಿತು. ಮತ್ತೆ ತೆಗೆದರು, ಮತ್ತೆ ಮರೆತೆ. ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಒಮ್ಮೆಯೂ ಹೀಗಾಗಿರಲಿಲ್ಲ. ಹಾರ್ಟಿಗನ್ ನೀರು ಕೊಡಿಸಿದ, ಕುರ್ಚಿ ಕೊಡಿಸಿದ, ಆಮೇಲೆ ಆಕಾಶ ನೋಡತೊಡಗಿದ. ಕೊನೆಗೆ ನಾನೇ ಸಿಟ್ಟಿನಿಂದ, ‘ಇವನನ್ನ ಆಚೆ ಕಳಿಸಿ, ನನಗೆ ನನ್ನ ಪೊರಕೆ ಕೊಡಿ’ ಅಂದುಬಿಟ್ಟೆ.

ಪೊರಕೆ ಬಂತು. ಒಂದೇ ಸಲಕ್ಕೆ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ದೂರದಲ್ಲಿ ನಿಂತು ತಟ್ಟಿದ.

ಗೆದ್ದವನಿಗೆ ಹಸಿವಾಗಬೇಕು. ನನಗೆ ರಾತ್ರಿ ಊಟ ಸೇರಲಿಲ್ಲ.

ಸೆಪ್ಟೆಂಬರ್ 7, ಗುರುವಾರ

ಅವನು ಸಾರಿ ಕೇಳಲು ಬಂದ. ನಾಟಕದಲ್ಲಿ ಎದುರಿನವನನ್ನು ಬಿಟ್ಟು ಹೋಗುವ ಪದ್ಧತಿ ಇಲ್ಲವಂತೆ, ಇಲ್ಲಿಯ ರೀತಿ ಗೊತ್ತಿರಲಿಲ್ಲವಂತೆ. ನಾಳೆಯಿಂದ ದೂರ ಇರುತ್ತೇನೆ ಅಂದ. ಬೇಡ, ನಿಂತುಕೋ ಅಂದೆ. ಅವನ ಮೇಲಿನ ಪ್ರೀತಿಗಲ್ಲ. ಎದುರಿಗೆ ಮನುಷ್ಯ ನಿಂತರೆ ಮಾತು ಮರೆಯುತ್ತಾನೆ ಅಂತ ನನ್ನ ಬಗ್ಗೆ ಊರೆಲ್ಲ ಹಬ್ಬಿದರೆ ನಾಳೆ ಕೆಲಸ ಕೊಡುವವರು ಯಾರು?

ಸೆಪ್ಟೆಂಬರ್ 20, ಬುಧವಾರ

ಎಲ್ಡನ್ ಷರೀಫನ ಹಾಗೆ ನಿಲ್ಲುವುದಿಲ್ಲ, ಬ್ಯಾಂಕಿನಲ್ಲಿ ಸರದಿಗೆ ನಿಂತವನ ಹಾಗೆ ನಿಲ್ಲುತ್ತಾನೆ. ನೋಡಲಾಗದೆ ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕರೆದು ಹೇಳಿದೆ: ಕೈಗೆ ಏನಾದರೂ ಕೆಲಸ ಕೊಡು, ಕಾಫಿ ಲೋಟ ಹಿಡಿ. ಲೋಟ ಹಿಡಿದವನು ಕೂಗುವುದಿಲ್ಲ, ಚೆಲ್ಲುತ್ತದಲ್ಲ. ಹಿಡಿದ. ಕಂಠ ತಾನಾಗಿ ಇಳಿಯಿತು. ಧ್ವನಿ ಹಿಡಿಯುವವನು ನನಗೆ ಕೈ ಮುಗಿಯುವುದೊಂದು ಬಾಕಿ.

ಇದನ್ನೆಲ್ಲ ಕಾರ್ಯಕ್ರಮ ಉಳಿಯಲಿ ಅಂತ ಮಾಡಿದ್ದು. ಬೇರೇನೂ ಇಲ್ಲ.

ಹುಡುಗ ತನ್ನ ಪೆಟ್ಟಿಗೆಯನ್ನು ಕಾರಿನಿಂದ ಇನ್ನೂ ಇಳಿಸಿಲ್ಲ. ಹೆಂಡತಿ, ಮೂರು ವರ್ಷದ ಮಗಳು ಒಮಾಹಾದಲ್ಲೇ ಇದ್ದಾರೆ. ಉಳಿಯುತ್ತೇನೆ ಅಂತ ಖಚಿತವಾಗುವ ತನಕ ಕರೆಸುವುದಿಲ್ಲವಂತೆ. ‘ಬಂದ್ಮೇಲೆ ವಾಪಸ್ ಹೋಗೋಣ ಅಂತ ಅವಳಿಗೆ ಹೇಗ್ ಹೇಳ್ಲಿ ಸರ್?’ ಅಂದ. ಜಾಣತನದ ಮಾತೇ. ಆದರೂ ಕೇಳಿ ಮನಸ್ಸಿಗೆ ಒಂಥರಾ ಆಯಿತು.

ಅಕ್ಟೋಬರ್ 10, ಮಂಗಳವಾರ

ಹೊಸ ಷರೀಫನ ಕಂತುಗಳು ಬರತೊಡಗಿವೆ. ಕಳೆದ ವಾರದ್ದು ಪೊರಕೆಯ ದೃಶ್ಯ, ನಾನು ಕಣ್ಣು ಬಿಟ್ಟುಕೊಂಡು ಭರ್ಜರಿಯಾಗಿ ಮಾತಾಡಿದ್ದೆ. ಇವತ್ತಿನದು ಎಲ್ಡನ್ ಎದುರಿಗೆ ನಿಂತದ್ದು. ಆ ದಿನ ನನಗೆ ಧೈರ್ಯ ಸಾಲದೆ ಮಧ್ಯೆ ಮಧ್ಯೆ ತಡವರಿಸಿದ್ದೆ. ಕೆಟ್ಟದಾಗಿ ಬಂದಿರುತ್ತದೆ ಅಂತ ಫರ್ನ್‌ಗೆ ಮೊದಲೇ ಹೇಳಿಟ್ಟೆ.

ಅವಳು ಹೆಣಿಗೆ ಬಿಟ್ಟು ನೋಡಿದಳು. ಮುಗಿದ ಮೇಲೆ ಮತ್ತೆ ಹೆಣಿಗೆ ಕೈಗೆತ್ತಿಕೊಂಡಳು. ನಾನೇ ಕೆದಕಿದೆ.

‘ಇಷ್ಟು ವರ್ಷ ನೀನು ಚೆನ್ನಾಗಿ ಮಾತಾಡ್ತಿದ್ದೆ ಆರ್ವಿಲ್. ಇವತ್ತು ನೀನು ಎದುರಿನವನ ಮಾತು ಕೇಳಿಸ್ಕೊಂಡೆ’ ಅಂದಳು.

ಏನರ್ಥವೋ. ಹೆಂಗಸರ ಮಾತು. ಎದ್ದುಹೋಗಿ ಮತ್ತೊಂದು ಲೋಟ ಹಾಲು ಕುಡಿದೆ.

ನವೆಂಬರ್ 1, ಬುಧವಾರ

ಹಳೆಯ ಷರೀಫನನ್ನು ವಾಪಸ್ ಕರೆಸಿ ಅಂತ ಜನ ಬರೆಯುತ್ತಿದ್ದಾರಂತೆ. ನೋಡುವವರ ಸಂಖ್ಯೆ ಸ್ವಲ್ಪ ಇಳಿದಿದೆ. ಎಲ್ಡನ್ ಮುಖ ಸಣ್ಣದು ಮಾಡಿಕೊಂಡು ಕುದುರೆಯ ಪಕ್ಕ ನಿಂತಿದ್ದ. ಈಗ ಅವನಿಗೂ ಕುದುರೆಗೂ ದೋಸ್ತಿ, ಅದಕ್ಕೆ ಕ್ಯಾರೆಟ್ ತರುತ್ತಾನೆ. ಲಾಯ್ಡ್‌ಗೂ ಮೊದಲ ವರ್ಷ ಜನ ಬೈದಿದ್ದರು ಅಂತ ಹೇಳಿದೆ. ಸುಳ್ಳು. ಯಾರೂ ಬೈದಿರಲಿಲ್ಲ.

ನವೆಂಬರ್ 23, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಹುಡುಗ ಬಾಡಿಗೆ ಕೋಣೆಯಲ್ಲಿ ಡಬ್ಬಿ ಸೂಪು ಕುಡಿಯುತ್ತಾನೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ಫರ್ನ್ ತಾನೇ ಫೋನ್ ಮಾಡಿ ಊಟಕ್ಕೆ ಕರೆದಳು.

ಟರ್ಕಿ ಕೋಳಿ ಸ್ವಲ್ಪ ಒಣಗಿತ್ತು. ಎಲ್ಡನ್ ಎರಡು ಸಲ ಹಾಕಿಸಿಕೊಂಡ. ಊಟ ಆದ ಮೇಲೆ ಒಮಾಹಾಗೆ ಫೋನ್ ಮಾಡಿಕೊಟ್ಟೆವು. ಮಗಳು ಏನೋ ಹಾಡಿದಳು ಅನ್ನಿಸುತ್ತದೆ, ಇವನು ಗೋಡೆಯ ಕಡೆ ತಿರುಗಿ ಕೇಳುತ್ತಿದ್ದ. ನಾನು ಪಾತ್ರೆ ಒರೆಸುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಪಾತ್ರೆ ಒರೆಸುವುದು ನನ್ನ ಹುಟ್ಟುಗುಣವಲ್ಲ, ಫರ್ನ್ ನೋಡಿಯೂ ನೋಡದ ಹಾಗಿದ್ದಳು.

ಆಮೇಲೆ ಇಬ್ಬರೂ ಹಿತ್ತಲಲ್ಲಿ ಕೂತು ಮುಂದಿನ ವಾರದ ದೃಶ್ಯಗಳನ್ನು ಹೇಳಿ ನೋಡಿದೆವು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಡಿಸೆಂಬರ್ 4, ಸೋಮವಾರ

ಲಾಯ್ಡ್ ಫೋನ್ ಮಾಡಿದ್ದ! ದನಿ ಕೇಳಿ ಎಷ್ಟು ಖುಷಿಯಾಯಿತು.

ಅವನ ಸಿನಿಮಾ ನಿಂತುಹೋಗಿದೆ. ಹಾಕಿದ ಸೆಟ್ ಹಾಗೇ ಧೂಳು ತಿನ್ನುತ್ತಿದೆಯಂತೆ. ವಾಪಸ್ ಬರುತ್ತಾನಂತೆ, ಮಿಂಟ್ಸ್ ಜೊತೆ ಮಾತೂ ಆಡಿದ್ದಾನೆ. ಮಿಂಟ್ಸ್ ಅರೆಮನಸ್ಸಿನಲ್ಲಿದ್ದಾನೆ. ‘ನಿನ್ನನ್ನ ಕರೆದು ಕೇಳ್ತಾನೆ ಮುದುಕ. ನನ್ನ ಬಿಟ್ರೆ ಜನಕ್ಕೆ ಇಷ್ಟ ಆಗೋನು ನೀನೇ ತಾನೇ? ಲಾಯ್ಡ್ ಇಲ್ದೇ ಆಗಲ್ಲ ಅಂತ ಒಂದು ಮಾತು ಹಾಕು’ ಅಂದ. ಇನ್ನೊಂದು ಮಾತೂ ಹೇಳಿದ. ಅವನು ಬಂದರೆ ನನ್ನ ಹೆಸರು ಕಾರ್ಯಕ್ರಮದ ಕೊನೆಯಲ್ಲಿ ಅಲ್ಲ, ಶುರುವಿನಲ್ಲೇ, ಅವನ ಹೆಸರಿನ ಹಿಂದೆಯೇ ಬರುತ್ತದೆ, ಅದಿಲ್ಲದೆ ಕರಾರಿಗೆ ಸಹಿ ಹಾಕುವುದಿಲ್ಲವಂತೆ.

ಶುರುವಿನಲ್ಲಿ ಹೆಸರು! ಕೊನೆಯಲ್ಲಿ ಬರುವ ಹೆಸರನ್ನು ಯಾರು ಓದುತ್ತಾರೆ, ಅಷ್ಟರಲ್ಲಿ ಜನ ಹಲ್ಲುಜ್ಜಲು ಹೋಗಿರುತ್ತಾರೆ. ನಮ್ಮಮ್ಮ ಇದ್ದಿದ್ದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಹ್ಞೂಂ ಅಂದೆ. ಖಂಡಿತ ಹೇಳುತ್ತೇನೆ ಅಂದೆ.

ಎಲ್ಲ ಮೊದಲಿನ ಹಾಗೇ ಆಗುತ್ತದೆ.

ಡಿಸೆಂಬರ್ 5, ಮಂಗಳವಾರ

ರಾತ್ರಿ ನಿದ್ದೆ ಹತ್ತಲಿಲ್ಲ. ನಿನ್ನೆಯ ಮಾಂಸದ ಸಾರಿನಲ್ಲಿ ಖಾರ ಹೆಚ್ಚಾಗಿತ್ತು. ನಾನು ಬೇಡ ಅಂದರೂ ಫರ್ನ್ ಹಾಕುತ್ತಾಳೆ.

ಇವತ್ತು ದೃಶ್ಯದಲ್ಲಿ ಎಲ್ಡನ್ ಬರೆದುಕೊಡದ ಒಂದು ನಗು ನಕ್ಕ. ನಾನೂ ಬರೆದುಕೊಡದ ಒಂದು ಮಾತು ಆಡಿಬಿಟ್ಟೆ. ಹಾರ್ಟಿಗನ್ ಅದನ್ನು ಹಾಗೇ ಇಟ್ಟುಕೊಂಡ. ಸಂಜೆ ಹುಡುಗ ‘ನಾಳೆ ಸಿಗೋಣ ಸರ್’ ಅಂದಾಗ ಅವನ ಮುಖ ನೋಡಲಾಗಲಿಲ್ಲ. ನಿದ್ದೆಗೆಟ್ಟು ಕಣ್ಣು ಅಷ್ಟು ಉರಿಯುತ್ತಿತ್ತು.

ಡಿಸೆಂಬರ್ 7, ಗುರುವಾರ

ಮಿಂಟ್ಸ್ ಕರೆಸಿದ. ಮೇಜಿನ ಮೇಲೆ ಮತ್ತೆ ಡೋನಟ್. ಓಟ್ಸ್ ಕಂಪನಿಯವರು ಆಯ್ಕೆಯನ್ನು ತನಗೇ ಬಿಟ್ಟಿದ್ದಾರೆ ಅಂದ. ಲಾಯ್ಡ್‌ಗೆ ಹೆಸರಿದೆ, ಹುಡುಗ ಈಗೀಗ ಕುದುರುತ್ತಿದ್ದಾನೆ, ಇಳಿದ ಸಂಖ್ಯೆ ಮತ್ತೆ ಮೆಲ್ಲಗೆ ಏರುತ್ತಿದೆ. ‘ಇಬ್ಬರ ಎದುರಿಗೂ ನಿಂತವನು ನೀನು. ಯಾರು ಬೇಕು, ಬಾಯಿ ಬಿಟ್ಟು ಹೇಳು’ ಅಂದ.

ಲಾಯ್ಡ್ ಅಂತ ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆದೆ. ‘ಹುಡುಗ ಇರ್ಲಿ ಸರ್’ ಅಂತ ಬಂತು.

ಮಿಂಟ್ಸ್‌ಗಿಂತ ನನಗೇ ಹೆಚ್ಚು ಗಾಬರಿಯಾಯಿತು. ಕಾರಣ ಕೇಳಿದ. ಹಿಂದೆ ನಾನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಿದ್ದೆ, ಈಗ ಹೊತ್ತಿಗೆ ಮುಂಚೆ ಬರುತ್ತಿದ್ದೇನೆ ಅಂದೆ. ಬೇರೆ ಕಾರಣ ಹೊಳೆಯಲಿಲ್ಲ. ಅವನು ಗಲ್ಲ ಕೆರೆದುಕೊಂಡ. ತನ್ನ ತಲೆಯಲ್ಲೂ ಅದೇ ಇತ್ತು, ಹೇಳುವವರು ಒಬ್ಬರು ಬೇಕಿತ್ತು ಅಂದ. ಎಲ್ಡನ್‌ನನ್ನು ಒಳಗೆ ಕರೆಸಿ ಅಲ್ಲೇ ಹೇಳಿದ. ಹುಡುಗ ಮಿಂಟ್ಸ್‌ನ ಕೈ ಕುಲುಕಿದ, ನನ್ನ ಕೈ ಕುಲುಕಿದ, ಹೊರಗೆ ಹೋಗಿ ಒಮಾಹಾಗೆ ಫೋನ್ ಮಾಡಲು ಚಿಲ್ಲರೆ ಇಲ್ಲ ಅಂತ ವಾಪಸ್ ಬಂದ. ಎಲ್ಲ ಕೊಟ್ಟೆ, ಜೇಬಲ್ಲಿದ್ದಷ್ಟನ್ನೂ.

‘ಲಾಯ್ಡ್‌ಗೆ ನಾನು ಹೇಳ್ತೀನಿ’ ಅಂದ ಮಿಂಟ್ಸ್. ಬೇಡ, ನಾನೇ ಹೇಳಬೇಕು ಅಂದೆ. ಈಗ ಕೂತು ಯೋಚಿಸುತ್ತಿದ್ದೇನೆ. ಯಾವ ಬಾಯಲ್ಲಿ ಹೇಳಲಿ?

ಡಿಸೆಂಬರ್ 12, ಮಂಗಳವಾರ

ಲಾಯ್ಡ್‌ನನ್ನು ಊಟಕ್ಕೆ ಕರೆದಿದ್ದೆ. ಫರ್ನ್‌ಗೆ ಹೂವು, ನನಗೊಂದು ಬಾಟಲಿ ಹಿಡಿದು ಬಂದ. ಬಾಗಿಲಲ್ಲೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅವನು ಯಾವತ್ತೂ ಹಾಗೇ, ಅವನು ಬಂದರೆ ಮನೆ ತುಂಬುತ್ತದೆ. ಊಟ ಮುಗಿದು ಸಿಹಿ ಪೈ ಬಂದ ಮೇಲೆ ಹೇಳಿದೆ. ಸುತ್ತಿಬಳಸಲಿಲ್ಲ. ಮಿಂಟ್ಸ್ ಕೇಳಿದ, ನಾನು ಹುಡುಗನ ಹೆಸರು ಹೇಳಿದೆ.

ಲಾಯ್ಡ್ ನಕ್ಕ. ತಮಾಷೆ ಅಂದುಕೊಂಡ. ನನ್ನ ಮುಖ ನೋಡಿದ ಮೇಲೆ ಫೋರ್ಕ್ ಕೆಳಗಿಟ್ಟ.

‘ನನಗಿಂತ ಚೆನ್ನಾಗಿ ಮಾಡ್ತಾನಾ ಅವನು?’

‘ಇಲ್ಲ. ಕುದುರೆ ಮೇಲೆ ನಿನ್ನ ಮುಂದೆ ಅವನು ಗೋಣಿಚೀಲ.’

‘ಮತ್ತೆ?’

‘ಅವನ ಜೊತೆ ನಾನು ಚೆನ್ನಾಗಿ ಮಾಡ್ತೀನಿ ಲಾಯ್ಡ್.’

ಅದನ್ನು ಹೇಳುವ ತನಕ ನನಗೇ ಗೊತ್ತಿರಲಿಲ್ಲ. ಫರ್ನ್ ಎದ್ದುಹೋಗಿ ಟಿವಿ ಹಾಕಿದಳು. ಮಂಗಳವಾರ ಅಲ್ಲವೇ, ನಮ್ಮದೇ ಕಂತು ಶುರುವಾಗುತ್ತಿತ್ತು. ಲಾಯ್ಡ್ ಹೊರಟುಹೋಗುತ್ತಾನೆ ಅಂದುಕೊಂಡೆ. ಅವನು ತಟ್ಟೆ ಹಿಡಿದು ಬಂದು ಸೋಫಾದಲ್ಲಿ ಕೂತ.

ಸೆರೆಮನೆಯಲ್ಲಿ ಷರೀಫನಿಗೆ ಜ್ವರ. ಟಕರ್ ತಾತ ಪಕ್ಕ ಕೂತು, ಸತ್ತುಹೋದ ತನ್ನ ಮಗನ ವಿಷಯ ಹೇಳುತ್ತಾನೆ. ಪರದೆಯ ತುಂಬ ನನ್ನ ಮುದಿ ಮುಖ. ನನಗೆ ನನ್ನನ್ನು ನೋಡಿಕೊಳ್ಳುವುದು ಇಷ್ಟವಿಲ್ಲ, ಲಾಯ್ಡ್‌ನನ್ನೇ ನೋಡುತ್ತಿದ್ದೆ. ಅವನು ಪೈ ತಿನ್ನುವುದನ್ನು ನಿಲ್ಲಿಸಿದ್ದ. ಆಮೇಲೆ ಓಟ್ಸ್ ಜಾಹೀರಾತು ಬಂತು, ಮಕ್ಕಳು ಬಟ್ಟಲು ಹಿಡಿದು ಕುಣಿದವು. ಅವನು ಇನ್ನೂ ಪರದೆಯನ್ನೇ ನೋಡುತ್ತಿದ್ದ.

‘ಆಗ ಅವನು ನಿನ್ನೆದುರಿಗೇ ಕೂತಿದ್ನಾ?’

‘ಕೂತಿದ್ದ.’

‘ಕ್ಯಾಮೆರಾ ಅವನ ಕಡೆ ಇಲ್ದಿದ್ರೂ?’

‘ಅವನು ಎದ್ದು ಹೋಗಲ್ಲ.’

ತಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಅಂಥ ದೊಡ್ಡ ಆಳು, ಯಾಕೋ ಚಿಕ್ಕ ಹುಡುಗನ ಹಾಗೆ ಕಂಡ.

‘ಆರು ವರ್ಷದಲ್ಲಿ ಒಂದ್ಸಲಾನೂ ಇರು ಅಂತ ಯಾಕೆ ಹೇಳ್ಲಿಲ್ಲ ಮುದುಕ? ಇರ್ತಿದ್ನಲ್ಲೋ.’

‘ಬೇಕು ಅಂತ ನನಗೂ ಗೊತ್ತಿರ್ಲಿಲ್ಲ’ ಅಂದೆ.

ಅವನು ಕಂತು ಪೂರ್ತಿ ನೋಡಿ, ಕೊನೆಯಲ್ಲಿ ಹೆಸರುಗಳು ಬರುವ ತನಕ ಕೂತಿದ್ದ. ನನ್ನ ಹೆಸರು ಬಂದಾಗ ಅದನ್ನು ಜೋರಾಗಿ ಓದಿದ. ಆಮೇಲೆ ಫರ್ನ್‌ಗೆ ಮುತ್ತು ಕೊಟ್ಟು, ನನ್ನ ತಲೆಯನ್ನು ಒಮ್ಮೆ ಎದೆಗೆ ಒತ್ತಿಕೊಂಡು ಹೊರಟ. ಗೇಟಿನ ತನಕ ಹೋದೆ. ಕಾರು ತಿರುವು ದಾಟಿದ ಮೇಲೂ ಅಲ್ಲೇ ನಿಂತಿದ್ದೆ, ಚಳಿ ಅಂತ ಫರ್ನ್ ಕೋಟು ತಂದು ಹೊದಿಸಿದಳು.

ಶನಿವಾರ ಎಲ್ಡನ್‌ನ ಹೆಂಡತಿ, ಮಗಳು ರೈಲಿಗೆ ಬರುತ್ತಾರೆ. ಅವನ ಕಾರು ಚಿಕ್ಕದು, ಸಾಮಾನಿಗೆ ನಮ್ಮದನ್ನೂ ಒಯ್ಯಬೇಕು. ನಾಳೆ ಬೆಳಿಗ್ಗೆ ಬೇಗ ಹೋಗಿ ಹೊಸ ಕಂತಿನ ಬಾವಿಯ ದೃಶ್ಯ ಒಂದು ಸಲ ಹೇಳಿ ನೋಡೋಣ ಅಂತ ನಮ್ಮ ಷರೀಫನಿಗೆ ಫೋನ್ ಮಾಡಿ ಹೇಳಿದ್ದೇನೆ.